ನಮ್ಮೂರ ಕ್ಲಬ್ ಬೈಕ್ ರೇಸಿಗೆ ಯಾವ ನೆಲ, ಯಾವ ನಿಯಮ, ಎಷ್ಟು ಖರ್ಚು?

ಕೋಲಾರ, ಚಿಂತಾಮಣಿ, ಶಿರಾ ಕಡೆಯ ಹುಡುಗರು ಈಚೆಗೆ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಕೇಳುತ್ತಾರೆ. "ಅಣ್ಣಾ, ಮೂವತ್ತು ಜನ ಸೇರಿದೀವಿ. ವರ್ಷಕ್ಕೆ ನಾಲ್ಕು ರೌಂಡ್ ರೇಸ್ ಮಾಡೋಣ ಅಂತ. ಮಣ್ಣಲ್ಲಿ ಮಾಡೋದಾ, ಚೆನ್ನೈ ಟ್ರ್ಯಾಕಿಗೆ ಹೋಗೋದಾ? ಸ್ಟಾಕ್, ಅಂದ್ರೆ ಕಂಪನಿಯಿಂದ ಬಂದಹಾಗೇ ಇರೋ ಗಾಡಿನಾ, ಮಾಡಿಫೈ ಬಿಡೋದಾ? ಫೀಸ್ ಎಷ್ಟಿಡೋದು?" ಮೂರೂ ಬೇರೆ ಬೇರೆ ಪ್ರಶ್ನೆಗಳಂತೆ ಕೇಳಿಸುತ್ತವೆ, ಆದರೆ ಬೇರೆಯಲ್ಲ. ನೆಲ ಗೊತ್ತಾದರೆ ಅರ್ಧ ಖರ್ಚು ಗೊತ್ತಾಗುತ್ತದೆ. ಉಳಿದ ಅರ್ಧ ನೀವು ಬರೆಯುವ ನಿಯಮದಿಂದ ಬರುತ್ತದೆ.

ಯಾವುದನ್ನು ಆರಿಸಿದರೂ ಮೊದಲು ಅಳತೆಗೋಲು ಬೇಕು. ನನ್ನದು ಇವು. ರೇಸು ಕಾನೂನಿನ ಒಳಗಿದೆಯೇ? ಬಿದ್ದವನು ಎಷ್ಟು ಬೇಗ ಡಾಕ್ಟರ ಕೈಗೆ ಸಿಗುತ್ತಾನೆ? ಎಂಟ್ರಿ ಫೀಸನ್ನು ಬದಿಗಿಟ್ಟು, ಇಡೀ ವರ್ಷಕ್ಕೆ ಒಬ್ಬ ಸವಾರನ ಕೈಯಿಂದ ಎಷ್ಟು ಹೋಗುತ್ತದೆ? ಬರೆದ ನಿಯಮವನ್ನು ನಿಮ್ಮ ಕ್ಲಬ್ಬಿನ ಬಳಿ ಇರುವ ಉಪಕರಣದಲ್ಲೇ ಪರೀಕ್ಷಿಸಬಹುದೇ? ಕೊನೆಯದಾಗಿ, ಮೊದಲ ರೌಂಡಿಗೆ ಬಂದ ಮೂವತ್ತು ಜನರಲ್ಲಿ ನಾಲ್ಕನೇ ರೌಂಡಿಗೆ ಎಷ್ಟು ಮಂದಿ ಬರುತ್ತಾರೆ? ನನಗೆ ಎಲ್ಲಕ್ಕಿಂತ ದೊಡ್ಡದು ಈ ಕೊನೆಯ ಪ್ರಶ್ನೆ. ಮೊದಲ ರೌಂಡು ಉತ್ಸಾಹದಲ್ಲಿ ನಡೆದುಹೋಗುತ್ತದೆ, ಆಮೇಲಿನದೆಲ್ಲ ಲೆಕ್ಕಾಚಾರದ ಮೇಲೆ ನಿಲ್ಲಬೇಕು.

ಕಾನೂನು ಮೊದಲು

ಮೋಟಾರು ವಾಹನ ಕಾಯ್ದೆ 1988ರ 189ನೇ ಕಲಮಿನ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸಿದರೂ ಅಪರಾಧ, ಓಡಿಸಿದರೂ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂ. ವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, 10,000 ರೂ. ವರೆಗೆ ದಂಡ. ಹಾಗಾಗಿ ನಂದಿ ಬೆಟ್ಟದ ತಿರುವು, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಅಗಲ ರಸ್ತೆ, ಭಾನುವಾರ ಖಾಲಿಯಿರುವ ಬೈಪಾಸು, ಇವು ಯಾವುವೂ ಆಯ್ಕೆಯೇ ಅಲ್ಲ.

ಕೆರೆ ಅಂಗಳದ ಮಾತೂ ಬರುತ್ತದೆ. ಕೋಲಾರದಲ್ಲಿ ಒಂದು ಕಾಲಕ್ಕೆ ಒಣಗಿದ ಕೆರೆಯೇ ಮೈದಾನವಾಗಿತ್ತು, ನಿಜ. ಆದರೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ಲಕ್ಷ್ಮೀಸಾಗರದಿಂದ ಮುಂದೆ ಒಂದೊಂದೇ ಕೆರೆಗೆ ಹರಿದಿದೆ, ಚಿಕ್ಕಬಳ್ಳಾಪುರ ಕಡೆಗೆ ಅಂಥದ್ದೇ ಎಚ್.ಎನ್. ವ್ಯಾಲಿ ನೀರು ಬಂದಿದೆ. ಈ ವರ್ಷ ಒಣಗಿರುವ ಅಂಗಳದಲ್ಲಿ ಮುಂದಿನ ವರ್ಷ ನೀರಿರಬಹುದು. ಮೇಲಾಗಿ ಅದು ಸರ್ಕಾರದ ಆಸ್ತಿ. ಗೋಮಾಳವೂ ಹಾಗೆಯೇ, ದನಕರು ಮೇಯಲು ಬಿಟ್ಟ ಜಾಗವನ್ನು ಕ್ಲಬ್ಬು ತಾನಾಗಿ ಬಳಸಿಕೊಳ್ಳುವಂತಿಲ್ಲ. ಕೆಜಿಎಫ್‌ನ ಸೈನೈಡ್ ದಿಬ್ಬಗಳಂತೂ ಬೇಡವೇ ಬೇಡ. 2001ರಲ್ಲಿ ಗಣಿ ಮುಚ್ಚಿದ ಮೇಲೂ ಹಾಗೇ ಉಳಿದಿರುವ ಆ ಗಣಿತ್ಯಾಜ್ಯದ ಧೂಳನ್ನು ಮೂವತ್ತು ಹುಡುಗರು ದಿನವಿಡೀ ಉಸಿರಾಡುವುದು ಯಾವ ಟ್ರೋಫಿಗೂ ತಕ್ಕದ್ದಲ್ಲ.

ಇನ್ನು ಎಫ್‌ಎಂಎಸ್‌ಸಿಐ. ಬೈಕ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎಂಗೆ ನಮ್ಮ ದೇಶದಿಂದ ಸೇರಿರುವ ಒಕ್ಕೂಟ ಇದೇ. ಅದರ ಅನುಮತಿ ಪಡೆದು ಮಾಡಿದರೆ ಫೀಸು ಕಟ್ಟಬೇಕು, ತರಬೇತಾದ ಅಧಿಕಾರಿಗಳನ್ನು ಕರೆಸಬೇಕು, ಸವಾರರು ಸ್ಪರ್ಧಾ ಲೈಸೆನ್ಸ್ ಮಾಡಿಸಬೇಕು. ಖರ್ಚು ಏರುತ್ತದೆ. ಆದರೆ ಮುಂದೆ ರಾಷ್ಟ್ರೀಯ ಮಟ್ಟಕ್ಕೆ ಹೋಗುವ ಆಸೆ ಇಟ್ಟುಕೊಂಡ ಹುಡುಗನಿಗೆ ಅನುಮತಿಯಿಲ್ಲದ ರೇಸು ತೊಡಕಾಗಬಹುದು. ಒಂದೇ ಗೆರೆಯಿಂದ ಹಲವರು ಒಟ್ಟಿಗೆ ಹೊರಡುವ ರೇಸಾದರೆ ಒಕ್ಕೂಟಕ್ಕೆ ಸೇರಿದ ಯಾವುದಾದರೂ ಕ್ಲಬ್ಬಿನ ಜೊತೆ ಕೈಜೋಡಿಸಿ. ಖರ್ಚಿಗೆ ಹೆದರಿ ಇದನ್ನು ಬಿಡಬೇಡಿ.

ನೆಲ: ನಾಲ್ಕು ದಾರಿ

ಮೊದಲನೆಯದು ಮಣ್ಣು. ಖಾಸಗಿ ಜಮೀನನ್ನು ಬಾಡಿಗೆಗೆ ಹಿಡಿದು, ಜೆಸಿಬಿ ತರಿಸಿ, ಒಂದೋ ಒಂದೂವರೆಯೋ ಕಿಲೋಮೀಟರಿನ ಟ್ರ್ಯಾಕ್ ಕೆತ್ತುವುದು. ಬಯಲುಸೀಮೆಯ ಕೆಂಪು ಮಣ್ಣು ಹದವಾಗಿ ನೆನೆದಾಗ ಟೈರಿಗೆ ಅಚ್ಚುಕಟ್ಟಾಗಿ ಹಿಡಿತ ಕೊಡುತ್ತದೆ. ಒಣಗಿದರೆ ಹಿಂದಿನವನಿಗೆ ಮುಂದಿನವನ ಗಾಡಿಯೇ ಕಾಣದಷ್ಟು ಧೂಳು. ಟ್ಯಾಂಕರ್ ನೀರು ಹೊಡೆಸಬೇಕು. ಸಾವಿರ ಅಡಿ ಕೊರೆದರೂ ಬೋರಲ್ಲಿ ನೀರು ಸಿಗದ ಊರಲ್ಲಿ ಬೇಸಿಗೆಯಲ್ಲಿ ಟ್ರ್ಯಾಕಿಗೆ ನೀರು ಹೊಡೆದರೆ ಊರವರು ಬೇಸರಪಡುವುದು ಸಹಜ. ಆ ಬೇಸರ ನ್ಯಾಯವಾದದ್ದು. ಆದ್ದರಿಂದ ಮಣ್ಣಿನ ಸರಣಿಯನ್ನು ಆಗಸ್ಟ್‌ನಿಂದ ಡಿಸೆಂಬರ್ ಒಳಗೆ ಮುಗಿಸಿ. ಮಳೆಯೇ ಅರ್ಧ ಕೆಲಸ ಮಾಡಿಕೊಡುತ್ತದೆ. ಶ್ರೀನಿವಾಸಪುರದ ಮಾವಿನ ಕೊಯ್ಲು ಅಷ್ಟರಲ್ಲಿ ಮುಗಿದಿರುತ್ತದೆ, ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಪರೀಕ್ಷೆ ಇನ್ನೂ ದೂರ ಇರುತ್ತದೆ.

ಮಣ್ಣಿನ ದೊಡ್ಡ ಲಾಭ ವೇಗ ಕಮ್ಮಿ ಎನ್ನುವುದು. ಬಿದ್ದರೂ ಹೆಚ್ಚಾಗಿ ಕಾಲರ್ ಬೋನ್, ಮಣಿಕಟ್ಟಿಗೆ ಪೆಟ್ಟು. ಅಪಾಯ ಇರುವುದು ಟ್ರ್ಯಾಕಿನ ಪಕ್ಕದಲ್ಲಿ. ನೀಲಗಿರಿ ಮರದ ಬುಡ, ಅರ್ಧ ಹುಗಿದ ಕಲ್ಲುಬಂಡೆ, ಕಲ್ಲುಕಂಬದ ಬೇಲಿ, ಮುಚ್ಚದ ಹಳೆಯ ಬಾವಿ. ಜಾಗ ನೋಡಲು ಹೋದಾಗ ಟ್ರ್ಯಾಕ್ ಎಲ್ಲಿ ಹೋಗುತ್ತದೆ ಅಂತ ನೋಡಿದರೆ ಸಾಲದು. ಗಾಡಿ ಕೈತಪ್ಪಿದರೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅಂತ ಪ್ರತಿ ತಿರುವಿನಲ್ಲೂ ನಿಂತು ನೋಡಿ. ಟ್ರ್ಯಾಕ್ ಕಟ್ಟುವ ಉಸಾಬರಿಯೇ ಬೇಡ ಅನ್ನಿಸಿದರೆ ಇರುವ ಜಾಗವನ್ನೇ ವಿಚಾರಿಸಿ. 2015ರಲ್ಲಿ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಅವರ ಬಿಗ್‌ರಾಕ್ ಡರ್ಟ್‌ಪಾರ್ಕ್ ಕೋಲಾರ ಜಿಲ್ಲೆಯಲ್ಲೇ ಇದೆ.

ಎರಡನೆಯದು ಟಾರು. ನಮಗೆ ಹತ್ತಿರವಿರುವುದು ಶ್ರೀಪೆರಂಬದೂರು ಬಳಿ ಇರುಂಗಾಟ್ಟುಕೋಟ್ಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 1990ರಲ್ಲಿ ಶುರುವಾದದ್ದು, 3.7 ಕಿ.ಮೀ. ಉದ್ದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, ಸುಮಾರು 2.1 ಕಿ.ಮೀ. ಕೋಲಾರದವರಿಗೆ ಚೆನ್ನೈ ಹೆದ್ದಾರಿ ಮನೆ ಮುಂದೆಯೇ ಹಾದುಹೋಗುತ್ತದೆ, ಆದರೂ ಒಂದು ದಿಕ್ಕಿಗೆ 200 ಕಿ.ಮೀ.ಗಿಂತ ಹೆಚ್ಚು. ತುಮಕೂರಿನವರು ಬೆಂಗಳೂರನ್ನೂ ದಾಟಿ ಬರಬೇಕು. ಗಾಡಿ ಸಾಗಿಸಲು ಟಾಟಾ ಏಸ್ ಅಥವಾ ಪಿಕಪ್, ಎರಡು ರಾತ್ರಿ ಲಾಡ್ಜು, ಊಟ. ಅದರ ಮೇಲೆ ಒಂದೇ ತುಂಡಿನ ಲೆದರ್ ಸೂಟು, ಬೂಟು, ಗ್ಲೌಸು, ಬೆನ್ನಿನ ಪ್ರೊಟೆಕ್ಟರ್. ಗಾಡಿಗೂ ಕೆಲಸ ಇದೆ. ಆಯಿಲ್ ಬೋಲ್ಟಿಗೆ ಲಾಕ್‌ವೈರ್ (ಬೋಲ್ಟು ಸಡಿಲವಾಗದಂತೆ ಕಟ್ಟುವ ತಂತಿ), ಕೂಲೆಂಟ್ ತೆಗೆದು ಬರೀ ನೀರು, ಎಂಜಿನ್ ಕೆಳಗೆ ಆಯಿಲ್ ಹಿಡಿಯುವ ಬೆಲ್ಲಿಪ್ಯಾನ್, ಸ್ಟ್ಯಾಂಡ್ ಮತ್ತು ಮಿರರ್ ಬಿಚ್ಚುವುದು, ಲೈಟಿಗೆ ಟೇಪು. ಗ್ಲೈಕಾಲ್ ಇರುವ ಕೂಲೆಂಟ್ ಟಾರಿನ ಮೇಲೆ ಚೆಲ್ಲಿದರೆ ಎಣ್ಣೆಯಷ್ಟೇ ಜಾರುತ್ತದೆ, ಒರೆಸಿದರೂ ಸುಲಭಕ್ಕೆ ಹೋಗುವುದಿಲ್ಲ.

ಇಷ್ಟೆಲ್ಲಾ ಇದ್ದರೂ ಟಾರಿನ ಪರವಾಗಿ ಒಂದು ಗಟ್ಟಿ ಮಾತಿದೆ. ಆ ಜಾಗವನ್ನು ಕಟ್ಟಿರುವುದೇ ರೇಸಿಗಾಗಿ. ಬಿದ್ದವನು ಜಾರಿಕೊಂಡು ಹೋಗಿ ನಿಲ್ಲಲು ಖಾಲಿ ಜಾಗವಿದೆ, ಬಾವುಟ ತೋರಿಸುವ ಪೋಸ್ಟುಗಳಿವೆ. ನಿಮ್ಮ ಕ್ಲಬ್ಬಲ್ಲಿ ಹತ್ತು ಹನ್ನೆರಡು ಮಂದಿಗೆ ಮಾತ್ರ ಟಾರಿನ ಹುಚ್ಚಿದ್ದರೆ ಸ್ವಂತ ಸರಣಿ ಕಟ್ಟಲು ಹೋಗಬೇಡಿ. ಟ್ರ್ಯಾಕ್ ಡೇ (ದುಡ್ಡು ಕಟ್ಟಿದವರಿಗೆ ಟ್ರ್ಯಾಕಲ್ಲಿ ಓಡಿಸಲು ಬಿಡುವ ದಿನ) ನಡೆಸುವವರ ಜೊತೆ ಸೇರಿಕೊಂಡು ಓಡಿಸಿ, ಲ್ಯಾಪ್ ಟೈಮನ್ನು, ಅಂದರೆ ಒಂದು ಸುತ್ತಿಗೆ ಹಿಡಿದ ಸಮಯವನ್ನು, ನಿಮ್ಮೊಳಗೇ ಹೋಲಿಸಿಕೊಳ್ಳಿ.

ಮೂರನೆಯದು ಕಾರ್ಟಿಂಗ್ ಟ್ರ್ಯಾಕ್, ಅಂದರೆ ಕಾರ್ಟ್ ಎಂಬ ಪುಟ್ಟ ನಾಲ್ಕು ಚಕ್ರದ ರೇಸ್ ಗಾಡಿಗಾಗಿ ಕಟ್ಟಿದ್ದು. ಬಾಡಿಗೆ ಕಮ್ಮಿ, ಜಾಗ ಹತ್ತಿರ. ಆದರೆ ಅಲ್ಲಿ ಟೈರಿನ ಗೋಡೆಗಳು ಕಾರ್ಟಿಗೆ ಸರಿಯಾಗಿ ಅಂಚಿನಲ್ಲೇ ಇರುತ್ತವೆ. ಕಾರ್ಟ್ ಗುದ್ದಿದರೆ ಪುಟಿದು ನಿಲ್ಲುತ್ತದೆ, ಬೈಕಿನವನು ಮೈಯಿಂದಲೇ ಗುದ್ದುತ್ತಾನೆ. ಸ್ಕೂಟರ್, ನೂರು ನೂರಹತ್ತು ಸಿಸಿ ಗಾಡಿ, ಒಂದು ಸಲಕ್ಕೆ ಆರೇಳು ಜನ, ಇಷ್ಟಕ್ಕೆ ಒಳ್ಳೆಯದು. ಅದಕ್ಕಿಂತ ಮೇಲೆ ಬೇಡ.

ನಾಲ್ಕನೆಯದು ಜಿಮ್‌ಖಾನಾ. ಕಾಲೇಜಿನ ಕಾಂಕ್ರೀಟ್ ಅಂಗಳದಲ್ಲೋ ಕಾರ್ಖಾನೆಯ ಪಾರ್ಕಿಂಗಲ್ಲೋ ಕೋನ್ ಇಟ್ಟು, ಒಬ್ಬೊಬ್ಬರೇ ಸಮಯದ ವಿರುದ್ಧ ಓಡಿಸುವುದು. ಯಾರಿಗೂ ಯಾರೂ ಗುದ್ದುವುದಿಲ್ಲ, ಗಾಡಿಗೆ ಏನೂ ಮಾಡಿಸಬೇಕಾಗಿಲ್ಲ, ಬ್ರೇಕು ಮತ್ತು ಕ್ಲಚ್ಚಿನ ಕೈಚಳಕ ನಿಜವಾಗಿ ಬೆಳೆಯುತ್ತದೆ. ಹ್ಯಾಂಡಲ್‌ಗೆ ಹ್ಯಾಂಡಲ್ ತಾಗಿಸಿ ಓಡಿಸುವ ಆಸೆಯಿರುವವರಿಗೆ ಇದು ಸಪ್ಪೆ ಅನ್ನಿಸುತ್ತದೆ. ಆದರೆ ಹೊಸ ಕ್ಲಬ್ಬಿಗೆ ಮೊದಲ ವರ್ಷಕ್ಕೆ ಇದಕ್ಕಿಂತ ಒಳ್ಳೆಯ ಶಾಲೆ ಇಲ್ಲ. ಸವಾರರಷ್ಟೇ ಮಾರ್ಷಲ್‌ಗಳೂ, ಅಂದರೆ ಬಾವುಟ ತೋರಿಸಿ ಟ್ರ್ಯಾಕ್ ಕಾಯುವವರೂ, ಇಲ್ಲೇ ತಯಾರಾಗುತ್ತಾರೆ.

ನೇರ ಗೆರೆಯಲ್ಲಿ ಬರೀ ವೇಗಕ್ಕೆ ಪೈಪೋಟಿ ನಡೆಯುವ ಡ್ರ್ಯಾಗ್ ರೇಸನ್ನು ನಾನು ಪಟ್ಟಿಗೇ ಸೇರಿಸಿಲ್ಲ. ಅಲ್ಲಿ ಎಂಜಿನ್ನಿಗೆ ಸುರಿದ ದುಡ್ಡೇ ಬಹುಪಾಲು ಗೆಲ್ಲುತ್ತದೆ, ಹವ್ಯಾಸಿ ಸರಣಿಗೆ ಅದು ಸಲ್ಲದು.

ಗಾಡಿಯ ನಿಯಮ: ಎಲ್ಲಿ ಬಿಗಿ, ಎಲ್ಲಿ ಸಡಿಲ

"200 ಸಿಸಿ ಒಳಗಿನ ಯಾವ ಗಾಡಿಯಾದರೂ ಸರಿ" ಎಂದು ಒಂದು ಸಾಲು ಬರೆದು ಮುಗಿಸುವ ಕ್ಲಬ್ಬುಗಳೇ ಹೆಚ್ಚು. ಈ ಸಾಲಿನಲ್ಲಿ ಏನು ಅಡಗಿದೆ ನೋಡಿ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 19 ಪಿಎಸ್ (ಎಂಜಿನ್ ಪವರಿನ ಅಳತೆ, ಹೆಚ್ಚುಕಡಿಮೆ ಹಾರ್ಸ್‌ಪವರ್ ಇದ್ದಂತೆ), ಟಿವಿಎಸ್ ಅಪಾಚೆ ಆರ್‌ಟಿಆರ್ 200 4ವಿ ಸುಮಾರು 20.8, ಬಜಾಜ್ ಪಲ್ಸರ್ ಎನ್‌ಎಸ್ 200 ಬರೋಬ್ಬರಿ 24.5. 155 ಸಿಸಿಯ ಯಮಹಾ ಆರ್15 ಕೂಡ 18.4 ಪಿಎಸ್ ಕೊಡುತ್ತದೆ. ಟಾರಿನ ಮೇಲೆ ಇವೆಲ್ಲವನ್ನೂ ಒಂದೇ ಕ್ಲಾಸಿಗೆ ಹಾಕಿದರೆ ನೇರ ರಸ್ತೆಯಲ್ಲಿ ಎನ್‌ಎಸ್ ಮುಂದೆ ಹೋಗುತ್ತದೆ, ಎರಡನೇ ರೌಂಡಿಗೆ ಎಲ್ಲರೂ ಅದನ್ನೇ ಹುಡುಕುತ್ತಾರೆ. ಮಣ್ಣಿನಲ್ಲಿ ಲೆಕ್ಕ ತಿರುಗಿ ಬೀಳುತ್ತದೆ. ಎಕ್ಸ್‌ಪಲ್ಸ್‌ನ ಮುಂದಿನ ಸಸ್ಪೆನ್ಷನ್ 190 ಮಿ.ಮೀ. ಆಡುತ್ತದೆ, ಪ್ರೊ ಮಾದರಿಯದು 250 ಮಿ.ಮೀ. ಅಲ್ಲಿ ಪಿಎಸ್‌ಗೆ ಬೆಲೆ ಕಮ್ಮಿ. ಅಂದರೆ ಟಾರಿನಲ್ಲಿ ಪವರ್ ನೋಡಿ ಕ್ಲಾಸ್ ಮಾಡಿ, ಮಣ್ಣಿನಲ್ಲಿ ಸಸ್ಪೆನ್ಷನ್ ನೋಡಿ. ಸಿಸಿ ಒಂದನ್ನೇ ನಂಬಬೇಡಿ.

ಆಮೇಲೆ ಸ್ಟಾಕ್ ಅಥವಾ ಮಾಡಿಫೈ. ನನ್ನ ಒಲವು ಸ್ಪಷ್ಟವಾಗಿ ಸ್ಟಾಕ್ ಕಡೆಗೆ. ಕಂಪನಿ ಎಂಜಿನ್, ಕಂಪನಿ ಇಸಿಯು (ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್), ಕಂಪನಿ ಸೈಲೆನ್ಸರ್. ಸೈಲೆನ್ಸರ್ ನಿಯಮ ಒಂದರಿಂದಲೇ ಎರಡು ಕೆಲಸ ಆಗುತ್ತದೆ. ಪಕ್ಕದ ಹಳ್ಳಿಯವರ ತಕರಾರು ಇರುವುದಿಲ್ಲ, ಶಬ್ದ ಅಳೆಯುವ ಮೀಟರೂ ಬೇಕಾಗುವುದಿಲ್ಲ. ಜೊತೆಗೆ, ಸೋಮವಾರ ಅದೇ ಗಾಡಿಯಲ್ಲಿ ಕೆಲಸಕ್ಕೆ ಹೋಗುವವನು ಬದಲಾಯಿಸಿದ ಗಾಡಿಯನ್ನು ರಸ್ತೆಗಿಳಿಸಿದರೆ ಮತ್ತೆ ಕಾನೂನಿನ ಕೈಗೆ ಸಿಗುತ್ತಾನೆ. ಸಡಿಲ ಬಿಡಬೇಕಾದದ್ದು ಸ್ಪ್ರಾಕೆಟ್, ಹ್ಯಾಂಡಲ್ ಬಾರ್, ಲಿವರ್, ಫುಟ್‌ರೆಸ್ಟ್, ಬ್ರೇಕ್ ಪ್ಯಾಡ್. ಇವು ಅಗ್ಗ, ಬಿದ್ದಾಗ ಮುರಿಯುವುದೂ ಇವೇ, ಸವಾರನ ಮೈಗೆ ಗಾಡಿ ಹೊಂದುವುದೂ ಇವುಗಳಿಂದಲೇ.

ಸಿಸಿ ಮಿತಿಯಲ್ಲಿ ಒಂದು ಸೂಕ್ಷ್ಮವಿದೆ. ಎಕ್ಸ್‌ಪಲ್ಸ್‌ನ ಬೋರು (ಸಿಲಿಂಡರಿನ ಅಗಲ) 66.5 ಮಿ.ಮೀ., ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ) 57.5. ಲೆಕ್ಕ ಹಾಕಿದರೆ 200ಕ್ಕೆ ಕೂದಲೆಳೆಯಷ್ಟು ಕಮ್ಮಿ. ಸಿಲಿಂಡರ್ ಸವೆದು ಅರ್ಧ ಮಿ.ಮೀ. ದೊಡ್ಡ ಪಿಸ್ಟನ್ ಹಾಕಿಸಿದರೆ ಸುಮಾರು 203 ಸಿಸಿ ಆಗುತ್ತದೆ. "200 ದಾಟುವಂತಿಲ್ಲ" ಎಂದು ಬರೆದಿದ್ದರೆ ಹಳೆಯ ಗಾಡಿ ತಂದ ಬಡಪಾಯಿ ಹೊರಗೆ, ಹೊಸ ಬ್ಲಾಕ್ ಕೊಳ್ಳುವ ತಾಕತ್ತಿರುವವನು ಒಳಗೆ. "ಕಂಪನಿ ಅಳತೆಯ ಮೇಲೆ 0.5 ಮಿ.ಮೀ. ಬೋರು ಮಾಫಿ" ಎಂದು ಸೇರಿಸಿದರೆ ಊರಿನ ಲೇಥಿನವರ ಹತ್ತಿರವೇ ಕೆಲಸ ಮುಗಿಯುತ್ತದೆ. ಪರೀಕ್ಷೆಗೆ ಒಂದು ವರ್ನಿಯರ್ ಕ್ಯಾಲಿಪರ್ ಸಾಕು.

ಇಸಿಯು ಕಷ್ಟ. ಒಳಗಿನ ಮ್ಯಾಪ್, ಅಂದರೆ ಅದರ ಸೆಟ್ಟಿಂಗು, ಕಣ್ಣಿಗೆ ಕಾಣುವುದಿಲ್ಲ. ಇದಕ್ಕೆ ಅಗ್ಗದ ಉಪಾಯವಿದೆ. ಒಂದೇ ಮಾದರಿ, ಒಂದೇ ವರ್ಷದ ಗಾಡಿಗಳ ಇಸಿಯುಗಳನ್ನು ಕ್ವಾಲಿಫೈಯಿಂಗ್ (ರೇಸಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ಗೊತ್ತುಮಾಡುವ ಓಟ) ಮುಗಿದ ಮೇಲೆ ಚೀಟಿ ಎತ್ತಿ ಅದಲುಬದಲು ಮಾಡುವ ಹಕ್ಕು ಕ್ಲಬ್ಬಿಗೆ ಇದೆ ಎಂದು ಬರೆಯಿರಿ. ತನ್ನ ದುಡ್ಡಿನ ಮ್ಯಾಪ್ ಎದುರಾಳಿಯ ಗಾಡಿಗೆ ಹೋಗಬಹುದು ಎಂದು ಗೊತ್ತಾದವನು ಅದಕ್ಕೆ ದುಡ್ಡು ಹಾಕುವುದಿಲ್ಲ. ಇದೇ ಜಾತಿಯ ಇನ್ನೊಂದು ನಿಯಮ ಹೊರದೇಶದ ಡರ್ಟ್ ಟ್ರ್ಯಾಕುಗಳಲ್ಲಿದೆ. ಗೆದ್ದವನ ಎಂಜಿನ್ನನ್ನು ಗೊತ್ತುಪಡಿಸಿದ ಬೆಲೆಗೆ ಯಾರು ಬೇಕಾದರೂ ಕೇಳಿ ಪಡೆಯಬಹುದು. ಕಾಗದದ ಮೇಲೆ ಚೆಂದ. ಆದರೆ ಎಂಜಿನ್ ನಂಬರ್ ಆರ್‌ಸಿಯಲ್ಲಿ ನಮೂದಾಗಿರುವ ನಮ್ಮಲ್ಲಿ ರಸ್ತೆಗೂ ಬಳಸುವ ಗಾಡಿಗೆ ಇದನ್ನು ತರಬೇಡಿ.

ಎಲ್ಲರಿಗೂ ಒಂದೇ ಮಾದರಿ ಎಂಬ ಒನ್‌ಮೇಕ್ ಕ್ಲಾಸ್ ನ್ಯಾಯವಾದದ್ದು, ತಪಾಸಣೆಯೂ ಸುಲಭ, ಒಬ್ಬನ ಕ್ಲಚ್ ಪ್ಲೇಟ್ ಇನ್ನೊಬ್ಬನಿಗೆ ಆಗುತ್ತದೆ. ತೊಂದರೆ ಏನೆಂದರೆ, ಬೇರೆ ಗಾಡಿ ಇಟ್ಟುಕೊಂಡಿರುವ ಅರ್ಧ ಜನ ಮೊದಲ ದಿನವೇ ಹೊರಗುಳಿಯುತ್ತಾರೆ. ಕ್ಲಬ್ಬಲ್ಲಿ ಒಂದೇ ಮಾದರಿಯ ಹನ್ನೆರಡು ಗಾಡಿ ಆಗಲೇ ಇದ್ದರೆ ಮಾತ್ರ ಇದಕ್ಕೆ ಕೈ ಹಾಕಿ.

ಟೈರಿನ ನಿಯಮ ಚಿಕ್ಕದು, ಪರಿಣಾಮ ದೊಡ್ಡದು. ಅಂಗಡಿಯಲ್ಲಿ ಯಾರಿಗೂ ಸಿಗುವ ಟೈರು ಮಾತ್ರ, ಎರಡು ರೌಂಡಿಗೆ ಒಂದು ಹಿಂದಿನ ಟೈರು, ತಪಾಸಣೆಯಲ್ಲಿ ಬಣ್ಣದ ಗುರುತು. ಟಾರಿನಲ್ಲಾದರೆ ಟೈರ್ ವಾರ್ಮರ್ (ಟೈರನ್ನು ಕರೆಂಟಿನಿಂದ ಬಿಸಿ ಮಾಡುವ ಹೊದಿಕೆ) ನಿಷೇಧ. ವಾರ್ಮರ್ ಬಂದರೆ ಹಿಂದೆಯೇ ಜನರೇಟರ್ ಬರುತ್ತದೆ, ಅದರ ಹಿಂದೆ ಸಹಾಯಕ ಬರುತ್ತಾನೆ.

ಕಡಿತ ಮಾಡಬಾರದ ಖರ್ಚು

ಲ್ಯಾಪ್ ಟೈಮ್ ಕೊಳ್ಳುವ ದುಡ್ಡಿಗೆ ಮಿತಿ ಹಾಕಿ, ಪ್ರಾಣ ಉಳಿಸುವ ದುಡ್ಡಿಗೆ ಹಾಕಬೇಡಿ. ಎರಡು ಆಂಬುಲೆನ್ಸ್ ಬೇಕು. ಒಂದೇ ಇದ್ದರೆ ಅದು ಆಸ್ಪತ್ರೆಗೆ ಹೋದ ಕ್ಷಣದಿಂದ ಮರಳಿ ಬರುವವರೆಗೆ ರೇಸು ನಿಲ್ಲಬೇಕು, ಇದನ್ನು ನಿಯಮವಾಗಿಯೇ ಬರೆಯಿರಿ. ಕನಿಷ್ಠ ಒಂದರಲ್ಲಾದರೂ ಉಸಿರಾಟ ನಿಭಾಯಿಸುವ ಸಲಕರಣೆ ಮತ್ತು ಅದು ಗೊತ್ತಿರುವ ಡಾಕ್ಟರ್ ಇರಬೇಕು. ಯಾವ ಆಸ್ಪತ್ರೆಗೆ ಒಯ್ಯುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಕೋಲಾರದಲ್ಲಿ ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ತುಮಕೂರಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳು ಹತ್ತಿರವಿವೆ. ಜಮೀನಿನಿಂದ ಅಲ್ಲಿಗೆ ಒಮ್ಮೆ ಹಗಲಲ್ಲೇ ಗಾಡಿ ಓಡಿಸಿ ಸಮಯ ನೋಡಿ. ಮುಕ್ಕಾಲು ಗಂಟೆ ಮೀರಿದರೆ ಜಾಗ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ.

ಇನ್ಶೂರೆನ್ಸಿನ ವಿಷಯ ಬಹಳ ಜನಕ್ಕೆ ತಿಳಿದಿಲ್ಲ. ನಮ್ಮ ಸಾಮಾನ್ಯ ಬೈಕ್ ಪಾಲಿಸಿಯಲ್ಲಿ ಸಂಘಟಿತ ರೇಸ್ ಮತ್ತು ವೇಗದ ಪರೀಕ್ಷೆಯನ್ನು ಹೊರಗಿಟ್ಟಿರುತ್ತಾರೆ. ಜಿಮ್‌ಖಾನಾವೂ ಅದರೊಳಗೆ ಬೀಳಬಹುದು. ಸವಾರರಿಗೆ ಅಪಘಾತ ವಿಮೆ, ನೋಡುವವರಿಗಾಗಿ ಸಾರ್ವಜನಿಕ ಹೊಣೆಗಾರಿಕೆ ವಿಮೆ, ಎರಡನ್ನೂ ಆ ದಿನದ ಕಾರ್ಯಕ್ರಮದ ಹೆಸರಲ್ಲೇ ಮಾಡಿಸಿ, ಪಾಲಿಸಿಯಲ್ಲಿ ರೇಸ್ ಎಂಬ ಮಾತು ಇದೆಯೇ ಓದಿ ನೋಡಿ.

ಹೆಲ್ಮೆಟ್ಟಿಗೆ ಐಎಸ್‌ಐ ಗುರುತು ರಸ್ತೆಗೆ ಕಡ್ಡಾಯ. ಟಾರಿನ ರೇಸಿಗೆ ಹೊರದೇಶದ ಸುರಕ್ಷತಾ ಮಾನದಂಡಗಳಾದ ಇಸಿಇ 22.06 ಅಥವಾ ಸ್ನೆಲ್ ಗುರುತು, ಡಬಲ್ ಡಿ ರಿಂಗಿನ (ಎರಡು ಉಂಗುರದಲ್ಲಿ ತೂರಿಸಿ ಬಿಗಿಯುವ) ಗಲ್ಲದ ಪಟ್ಟಿ ಕೇಳಿ. ಮಣ್ಣಿಗೆ ಗಾಗಲ್ಸ್, ಎದೆ ಮತ್ತು ಮಂಡಿಯ ರಕ್ಷಣೆ, ಮೊಣಕಾಲುದ್ದದ ಬೂಟು. ಬಡ ಸವಾರನಿಗೆ ಇದು ಭಾರ, ಒಪ್ಪುತ್ತೇನೆ. ಆದರೂ ನಿಯಮ ಸಡಿಲಿಸುವುದು ಪರಿಹಾರವಲ್ಲ. ಕ್ಲಬ್ಬೇ ನಾಲ್ಕು ಜೊತೆ ಗಾರ್ಡು, ಬೂಟು ಇಟ್ಟುಕೊಂಡು ಬಾಡಿಗೆಗೆ ಕೊಡಲಿ. ಹೆಲ್ಮೆಟ್ ಮಾತ್ರ ಅವರವರದೇ ಇರಬೇಕು.

ಹದಿನೆಂಟು ತುಂಬದ ಹುಡುಗರು ಬರುವುದಾದರೆ ತಂದೆತಾಯಿಯ ಲಿಖಿತ ಒಪ್ಪಿಗೆ ಬೇಕು, ಅವರ ಬೈಕು ಪಿಕಪ್‌ನಂಥ ವಾಹನದ ಮೇಲೇರಿಯೇ ಬರಬೇಕು. ರಸ್ತೆಯಲ್ಲಿ ಓಡಿಸಿಕೊಂಡು ಬಂದು ಸಿಕ್ಕಿಬಿದ್ದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು.

ಫೀಸು ಗೊತ್ತುಮಾಡುವ ಬಗೆ

ಲೆಕ್ಕ ತೋರಿಸಲು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ, ನೀವು ನಿಮ್ಮೂರಿನ ದರ ಹಾಕಿಕೊಳ್ಳಿ. ಮಣ್ಣಿನ ಒಂದು ರೌಂಡಿಗೆ ಜಮೀನು 20,000, ಜೆಸಿಬಿ 15,000, ನೀರು 6,000, ಆಂಬುಲೆನ್ಸ್ ಮತ್ತು ಡಾಕ್ಟರ್ 30,000, ವಿಮೆ 20,000, ಟೈಮಿಂಗ್ ಮತ್ತು ಬಾವುಟ 9,000, ಶಾಮಿಯಾನ, ಊಟ, ಶೌಚಾಲಯ 20,000 ಅಂದುಕೊಳ್ಳಿ. ಒಟ್ಟು 1,20,000. ನಲವತ್ತು ಜನ ಬಂದರೆ ತಲೆಗೆ 3,000. ಇಪ್ಪತ್ನಾಲ್ಕೇ ಜನ ಬಂದರೆ 5,000. ಈ ಖರ್ಚಿನಲ್ಲಿ ಬಹುಪಾಲು ಎಷ್ಟು ಜನ ಬಂದರೂ ಇಳಿಯುವುದಿಲ್ಲ, ತೊಡಕು ಇರುವುದೇ ಇಲ್ಲಿ. ನಲವತ್ತು ಹೆಸರು ಬಂದಿವೆ ಎಂದು 3,000 ಫೀಸಿಟ್ಟು, ಮೂರನೇ ರೌಂಡಿಗೆ ಇಪ್ಪತ್ನಾಲ್ಕು ಜನ ಬಂದರೆ ಆ ಒಂದೇ ದಿನ 48,000 ಕಮ್ಮಿ ಬೀಳುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಎರಡನೇ ಆಂಬುಲೆನ್ಸಿಗೆ.

ಆದ್ದರಿಂದ ಹೆಸರು ಕೊಟ್ಟವರಲ್ಲಿ ನೂರಕ್ಕೆ ಅರವತ್ತು ಮಂದಿ ಬರುತ್ತಾರೆ ಎಂದಿಟ್ಟುಕೊಂಡು ಫೀಸು ಹಾಕಿ. ನಾಲ್ಕೂ ರೌಂಡಿಗೆ ಒಟ್ಟಿಗೆ ಕಟ್ಟಿದವರಿಗೆ ರಿಯಾಯಿತಿ ಕೊಡಿ. ಪ್ರಾಯೋಜಕರ ದುಡ್ಡು ಬಂದರೆ ಒಳ್ಳೆಯದೇ. ನರಸಾಪುರ, ವೇಮಗಲ್ ಕಡೆ ಕಾರ್ಖಾನೆಗಳಿವೆ, ಹೋಂಡಾ ಬೈಕ್ ಕಾರ್ಖಾನೆಯೇ ನರಸಾಪುರದಲ್ಲಿದೆ, ಊರಲ್ಲಿ ಷೋರೂಂಗಳಿವೆ. ಆದರೆ ಆ ದುಡ್ಡನ್ನು ಆಂಬುಲೆನ್ಸಿನ ಲೆಕ್ಕಕ್ಕೆ ಸೇರಿಸಬೇಡಿ. ಅದರಿಂದ ಹೊಸಬರ ಫೀಸು ಇಳಿಸಿ, ಗಾರ್ಡು ಕೊಳ್ಳಿ.

ಅಂಕಕ್ಕೆ ಎಫ್‌ಐಎಂ ಪದ್ಧತಿಯೇ ಸಾಕು: 25, 20, 16, 13, 11, ಹೀಗೆ. ಜೊತೆಗೆ ನಾಲ್ಕು ರೌಂಡಿನಲ್ಲಿ ಒಳ್ಳೆಯ ಮೂರನ್ನು ಮಾತ್ರ ಎಣಿಸಿ. ಮನೆಯಲ್ಲಿ ಟೊಮೆಟೊ ಕೊಯ್ಲು, ಅಕ್ಕನ ಮದುವೆ, ಮುರಿದ ಗಾಡಿ, ಏನೇ ಬಂದು ಒಂದು ರೌಂಡ್ ತಪ್ಪಿದರೂ ಅವನಿಗೆ ಮುಂದಿನದಕ್ಕೆ ಬರಲು ಕಾರಣ ಉಳಿಯುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಹದಿನೈದು ಜನರ ಒಳಗಿನ ಹೊಸ ಗುಂಪು, ಕೈಯಲ್ಲಿ ದುಡ್ಡಿಲ್ಲ, ಅನುಭವಿ ಮಾರ್ಷಲ್ ಇಲ್ಲ ಅಂದರೆ ಜಿಮ್‌ಖಾನಾ, ಸ್ಟಾಕ್ ಗಾಡಿ, ಯಾವ ಸಿಸಿಯಾದರೂ ಸರಿ. ಇಪ್ಪತ್ತೈದು ಜನ ದಾಟಿದ ಕೋಲಾರ, ಚಿಕ್ಕಬಳ್ಳಾಪುರದ ಕ್ಲಬ್ಬಿಗೆ ಆಗಸ್ಟ್‌ನಿಂದ ಡಿಸೆಂಬರ್ ಒಳಗಿನ ಮಣ್ಣು, ಎರಡೇ ಕ್ಲಾಸು. ಒಂದು 200 ಸಿಸಿ ಸ್ಟಾಕ್, ಇನ್ನೊಂದು ಈವರೆಗೆ ಯಾವ ರೇಸಲ್ಲೂ ಮೂರರೊಳಗೆ ಬಾರದ ಹೊಸಬರದು. ಪ್ರೊ ಮಾದರಿಯ ಎಕ್ಸ್‌ಪಲ್ಸ್ ಐದಕ್ಕಿಂತ ಹೆಚ್ಚು ಬಂದರೆ ಅದಕ್ಕೆ ಬೇರೆ ಟ್ರೋಫಿ. ತುಮಕೂರಿನವರಿಗೂ ನನ್ನ ಸಲಹೆ ಇದೇ, ಚೆನ್ನೈ ದೂರ ಅವರಿಗೆ ಇನ್ನೂ ಹೆಚ್ಚು. ಸಂಬಳ ಬರುವ, ಲೆದರ್ ಸೂಟು ಆಗಲೇ ಇರುವ ಸಣ್ಣ ಗುಂಪಿಗೆ ಮಾತ್ರ ಟಾರು, ಅದೂ ಆರ್15ರಂಥ ಒಂದೇ ಮಾದರಿಯಲ್ಲಿ. ಮಕ್ಕಳು, ಸ್ಕೂಟರ್ ಹುಚ್ಚಿನವರು ಕಾರ್ಟಿಂಗ್ ಟ್ರ್ಯಾಕ್ ನೋಡಲಿ.

ಮಣ್ಣು ಎಂದು ತೀರ್ಮಾನಿಸಿದರೆ ಬೇರೆಲ್ಲಕ್ಕಿಂತ ಮೊದಲು ಜಮೀನಿನ ಪಹಣಿ ತೆಗೆಸಿ. ಹೆಸರು ಯಾರದ್ದು, ಜಂಟಿ ಖಾತೆಯೇ, ಪಕ್ಕದಲ್ಲಿ ಕೆರೆಯೋ ಗೋಮಾಳವೋ ಒತ್ತಿಕೊಂಡಿದೆಯೇ ನೋಡಿ. ಎಲ್ಲ ಹಕ್ಕುದಾರರ ಸಹಿ ಇರುವ ಕರಾರು ಕೈಗೆ ಬಂದ ಮೇಲೆ ಪಂಚಾಯಿತಿಗೂ ಠಾಣೆಗೂ ಅರ್ಜಿ ಕೊಡಿ. ನಿಯಮವನ್ನು ಎರಡು ಪುಟದಲ್ಲಿ ಕನ್ನಡದಲ್ಲೇ ಅಚ್ಚು ಹಾಕಿಸಿ, ಮೊದಲ ರೌಂಡಿಗೆ ಎರಡು ತಿಂಗಳ ಮೊದಲು ಎಲ್ಲರ ಕೈಗೂ ಕೊಡಿ. ಸುರಕ್ಷತೆಯ ಕಾರಣಕ್ಕಲ್ಲದೆ ಸರಣಿ ಮುಗಿಯುವವರೆಗೆ ಅದರಲ್ಲಿ ಒಂದಕ್ಷರವನ್ನೂ ಬದಲಿಸಬೇಡಿ.